ಅಪ್ಪನ ನಗುವಿಗೊಂದು ಎಂಜಿನ್

ಅಥವಾ ಸ್ಪೀಡೋಮೀಟರಿನ ಮುಳ್ಳು ಎಂಬತ್ತರ ಮೇಲಿತ್ತೋ ಏನೋ. ನೂರು ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ಆ ಮುಳ್ಳಿಗೂ ಬೇರೆ ದಾರಿ ಉಳಿದಿಲ್ಲ. ನಾನು ನೆನೆದಾಗಲೆಲ್ಲ ಪಾಪ, ಬಂದು ನೂರರ ಮೇಲೆ ನಿಲ್ಲುತ್ತದೆ. ಕಾರು ಕಪ್ಪು. ಅದು ಖಂಡಿತ. ಎಣ್ಣೆ ಮಿಲ್ಲಿನ ಸಾಹುಕಾರರ ಡೀಸೆಲ್ ಕಾರು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ವಾಪಸು ಬರುತ್ತಿದ್ದೆವು. ಓಡಿಸುತ್ತಿದ್ದವನು ನನ್ನ ಅಪ್ಪ. ಸಾಹುಕಾರರ ಮಗಳ ಮದುವೆಗೆಂದು ತಂದಿದ್ದ ರೇಷ್ಮೆ ಸೀರೆಗಳ ಗಂಟಿನ ಮೇಲೆ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಮುಳ್ಳು ಕಾಣುವಷ್ಟು ಎತ್ತರ ಸಿಕ್ಕಿದ್ದು ಅದರಿಂದಲೇ. ಕಿಟಕಿಯ ಆಚೆ ಒಣಹುಲ್ಲು ಹಳದಿ ನೀರಿನ ಹಾಗೆ ಹಿಂದಕ್ಕೆ ಹರಿಯುತ್ತಿತ್ತು. ಕಾರಿನೊಳಗೆ ಎಲ್ಲಿಂದಲೋ ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆ. ಮತ್ತು ಅಪ್ಪ ನಗುತ್ತಿದ್ದ, ಹಲ್ಲೆಲ್ಲ ಕಾಣುವ ಹಾಗೆ.

ಅಪ್ಪ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆತ ಸಿಡುಕನಲ್ಲ, ದುಃಖಿಯೂ ಅಲ್ಲ. ನಗು ಆ ಮುಖದ ದಾರಿಯಲ್ಲಿ ಬರುವ ಊರಾಗಿರಲಿಲ್ಲ, ಅಷ್ಟೆ. ಆತ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ ಒಂದು ನಗುವೂ ಸುಳ್ಳಾದರೆ ನನ್ನ ಬಳಿ ಇನ್ನೊಂದಿಲ್ಲ. ಇಷ್ಟು ವರ್ಷ ಇದು ಯಾರಿಗೂ ತೊಂದರೆ ಕೊಡದ ನೆನಪಾಗಿತ್ತು. ಮೊನ್ನೆ ನನ್ನ ಕಾರಿನ ಎಂಜಿನ್ ಬಿಚ್ಚಿದ ಮೇಲೆ ಅದನ್ನು ಸಾಕ್ಷಿಕಟ್ಟೆಗೆ ಹತ್ತಿಸಬೇಕಾಗಿ ಬಂತು.

ನನ್ನ ಕಾರಿನ ಬಗ್ಗೆ ಹೇಳಬೇಕು. ಹೊರಗಿನಿಂದ ನೋಡಿದರೆ ಅದು ಬ್ಯಾಂಕ್ ಮ್ಯಾನೇಜರರ ಹಾಗಿದೆ: ನಾಲ್ಕು ಬಾಗಿಲು, ಬೂದು ಬಣ್ಣ, ಹಿಂದೆ ದೊಡ್ಡ ಡಿಕ್ಕಿ. ಒಳಗೆ ಮಾತ್ರ ಟರ್ಬೊ ಇರುವ ಪೆಟ್ರೋಲ್ ಎಂಜಿನ್. ಕಾಲು ಒತ್ತಿದರೆ ಒಂದು ಕ್ಷಣ ಯೋಚಿಸಿ, ಆಮೇಲೆ ಬೆನ್ನಿಗೆ ಕೈಯಿಟ್ಟು ದೂಡಿದಂತೆ ಮುಂದಕ್ಕೆ ಹಾರುತ್ತದೆ. ಮೊಳಕಾಲ್ಮೂರಿನ ಕಾಲೇಜೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ, ಮನೆ ಚಳ್ಳಕೆರೆಯಲ್ಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಇಂಥ ಕಾರಿನಿಂದ ಹತ್ತಿಯ ಸೀರೆಯ, ಕನ್ನಡಕದ, ನಲವತ್ತೇಳರ ಹೆಂಗಸು ಇಳಿದರೆ ಪೆಟ್ರೋಲ್ ಬಂಕಿನವರು ಪಕ್ಕದ ಸೀಟಿನ ಕಡೆ ನೋಡುತ್ತಾರೆ, ಯಜಮಾನರು ಎಲ್ಲಿ ಎಂದು. ಅಲ್ಲಿ ಉತ್ತರಪತ್ರಿಕೆಗಳ ಕಟ್ಟು ಕೂತಿರುತ್ತದೆ. ಅದಕ್ಕೆ ನಾನು ಬೆಲ್ಟನ್ನೂ ಹಾಕಿರುತ್ತೇನೆ.

ಈ ಕಾರು ಕಳೆದ ಬೇಸಿಗೆಯಿಂದ ನೀಲಿ ಹೊಗೆ ಬಿಡತೊಡಗಿತು. ಚಳ್ಳಕೆರೆಯ ಮೆಕ್ಯಾನಿಕ್ ರಿಯಾಜ್ ಉದ್ದದ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕಣ್ಣುಮುಚ್ಚಿ ನಿಂತ.

"ಗಾಡಿಗೆ ಏನೂ ಆಗಿಲ್ಲ ಮೇಡಂ. ವಯಸ್ಸಾಗೈತೆ. ಪೆಟ್ರೋಲ್ ಜೊತಿಗೆ ಆಯಿಲೂ ಕುಡೀತೈತೆ."

"ಈಗೇನು ಮಾಡೋದು?"

ಮೂರು ದಾರಿಗಳಿದ್ದವು. ಮೊದಲನೆಯದು, ಸವೆದ ಪಿಸ್ಟನ್ ರಿಂಗುಗಳನ್ನು ಬದಲಿಸಿ, ಇದ್ದ ಎಂಜಿನ್ನನ್ನು ಇದ್ದ ಹಾಗೆಯೇ ಜೋಡಿಸುವುದು. ಎರಡನೆಯದು, ಅದೇ ಎಂಜಿನ್ನಿನ ಬ್ಲಾಕನ್ನು ಒಳಗಿನಿಂದ ಕೊರೆದು ಅಗಲ ಮಾಡಿ, ದಪ್ಪ ಪಿಸ್ಟನ್, ದೊಡ್ಡ ಟರ್ಬೊ ಕೂರಿಸಿ, ಅದರ ಕಂಪ್ಯೂಟರಿಗೆ ಹೊಸ ಬುದ್ಧಿ ಹೇಳುವುದು. ಮೂರನೆಯದು, ಅಪಘಾತವಾಗಿ ನಿಂತಿರುವ ಯಾವುದೋ ದೊಡ್ಡ ಕಾರಿನ ಎಂಜಿನ್ನನ್ನೇ ತಂದು ಇದಕ್ಕೆ ಇಳಿಸುವುದು. ಮೂರನೆಯದನ್ನು ಹೇಳುವಾಗಲೇ ರಿಯಾಜ್ ಮೂಗು ಮುರಿದ. "ಬ್ಯಾಡ್ರಿ. ಬ್ಯಾರೆಯೋರ ಹಾರ್ಟು ಇಟ್ಕಂಡು ದಿನಾ ಡ್ಯೂಟಿಗೆ ಹೋಗೋದು ಕಷ್ಟ. ಬ್ರೇಕು, ಗೇರ್‌ಬಾಕ್ಸು ಎಲ್ಲಾ ಜಗಳ ತೆಗೀತಾವೆ."

ಉಳಿದದ್ದು ಎರಡು. ನಾನು ಕೂಡಲೇ ಎರಡನೆಯದು ಎಂದೆ.

"ಕಾಲೇಜಿಗೆ ಹೋಗಿ ಬರಾಕೆ ಅಷ್ಟು ಜೋರು ಯಾಕ್ರೀ ಮೇಡಂ? ಹುಡುಗ್ರೇನು ಓಡಿ ಹೋಗ್ತಾರಾ?"

"ಹೋಗ್ತಾರೆ ಕಣಪ್ಪಾ. ಐದು ನಿಮಿಷ ತಡ ಆದ್ರೆ ಕ್ಲಾಸ್ ಖಾಲಿ."

ಅವನು ನಂಬಲಿಲ್ಲ. ಆಗ ನಾನು ಕಪ್ಪು ಕಾರು, ನೂರರ ಮುಳ್ಳು, ಅಪ್ಪನ ನಗು ಎಲ್ಲವನ್ನೂ ಹೇಳಿದೆ. ಎಲ್ಲರಿಗೂ ಹೇಳುವ ಹಾಗೆ, ಅಂದರೆ ಸ್ವಲ್ಪ ಚೆನ್ನಾಗಿಯೇ ಹೇಳಿದೆ. ರಿಯಾಜ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ ಕೇಳಿದ. "ಹಂಗಂದ್ರೆ ಎರಡನೇದೇ ಮಾಡಾಣ. ನಿಮ್ಮ ತಂದೆಯೋರ ಹೆಸರಾಗೆ. ಆದ್ರೆ ಕೊರೆದ್ ಮ್ಯಾಲೆ ಬ್ಯಾಡ ಅಂದ್ರೆ ನನ್ ಕೈಯಾಗಿಲ್ಲ, ಈಗ್ಲೇ ಹೇಳಿರ್ತೀನಿ. ಶುಕ್ರವಾರ ನಮಾಜ್ ಮುಗಿಸ್ಕಂಡ್ ಬಂದು ಇನ್ನೊಂದು ಸಲ ಕೇಳ್ತೀನಿ. ಅಲ್ಲಿಗಂಟ ಯೋಚ್ನೆ ಮಾಡ್ರಿ."

ಯೋಚನೆ ಮಾಡಿ ಎಂದು ಗಣಿತದವರಿಗೆ ಹೇಳಬಾರದು.

ಅಪ್ಪ ಮಿಲ್ಲಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದ. ಎಲ್ಲಿಗೂ ಹೋಗದ ಡ್ರೈವರ್. ಶೇಂಗಾ ಅರೆಯುವ ಯಂತ್ರಗಳನ್ನು ತಿರುಗಿಸುತ್ತಿದ್ದ ಆ ದೊಡ್ಡ ಎಂಜಿನ್ನು ಇದ್ದಲ್ಲೇ ಇದ್ದು ದಿನವಿಡೀ ಓಡುತ್ತಿತ್ತು, ಅಪ್ಪ ಅದರ ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ ಕೂತು ದಿನವಿಡೀ ಓಡಿಸುತ್ತಿದ್ದ. ನಮ್ಮ ಮನೆ ಮಿಲ್ಲಿನ ಗೋಡೆಗೆ ಅಂಟಿಕೊಂಡಿತ್ತು. ಗೋಡೆಯ ಮೂಲಕ ಬರುತ್ತಿದ್ದ ಅದರ ಬಡಿತ ನೆಲದಿಂದ ಚಾಪೆಗೆ, ಚಾಪೆಯಿಂದ ನನ್ನ ಕೆನ್ನೆಗೆ ಏರುತ್ತಿತ್ತು. ಶಾಲೆಯಿಂದ ಬಂದು ಮಲಗಿದರೆ ಆ ಬಡಿತದ ಮೇಲೆ ತೇಲಿಕೊಂಡು ನಿದ್ದೆ ಬರುತ್ತಿತ್ತು. ಮಿಲ್ಲಿಗೆ ರಜೆ ಇದ್ದ ದಿನ ಊರೇ ಉಸಿರು ಹಿಡಿದಂತೆನಿಸಿ ಎದ್ದು ಕೂರುತ್ತಿದ್ದೆ. ಶೇಂಗಾ ಸಿಪ್ಪೆಯ ರಾಶಿ ನಮ್ಮ ಮನೆಗಿಂತ ಎತ್ತರವಿತ್ತು. ಅದರೊಳಗೆ ನಾವು ಮಕ್ಕಳು ಕುತ್ತಿಗೆಯವರೆಗೆ ಹೂತುಕೊಂಡು, ಯಂತ್ರದಿಂದ ಆಗಷ್ಟೇ ಬಿದ್ದ ಬಿಸಿ ಹಿಂಡಿಯನ್ನು ಬೆಲ್ಲದ ಜೊತೆ ಕಡಿಯುತ್ತಿದ್ದೆವು. ದನಕ್ಕೆ ಹಾಕುವ ಹಿಂಡಿಯೇ ಅದು. ಈಗಿನ ಯಾವ ಚಾಕೊಲೇಟಿಗೂ ಆ ರುಚಿಯಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಆ ರುಚಿ ನನಗೆ ನಿಜಕ್ಕೂ ನೆನಪಿಲ್ಲ. ಚೆನ್ನಾಗಿತ್ತು ಎಂದು ಹೇಳಿದ್ದು ನೆನಪಿದೆ.

ಆ ಮಿಲ್ಲು ಈಗ ಕಲ್ಯಾಣ ಮಂಟಪ. ಎಂಜಿನ್ ಇದ್ದ ಜಾಗದಲ್ಲಿ ಗಂಡು ಹೆಣ್ಣು ಕೂರುವ ಎರಡು ಕೆಂಪು ಕುರ್ಚಿಗಳಿವೆ.

ಅವ್ವ ನನ್ನ ಜೊತೆಗೇ ಇದ್ದಾಳೆ. ಬುಧವಾರ ಸಂಜೆ ಅವಳು ಮೊರದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದಾಗ ಎಂಜಿನ್ನಿನ ವಿಷಯ ತೆಗೆದೆ.

"ಚೆನ್ನಾಗೇ ಓಡ್ತಿತ್ತಲ್ಲೇ. ಅದ್ಯಾಕೆ ಇನ್ನೂ ಜೋರು?" ಎಂದಳು.

"ಅಪ್ಪ ಅವತ್ತು ಕಾರಲ್ಲಿ ನಕ್ಕಿದ್ನಲ್ಲವ್ವ, ಮೊಳಕಾಲ್ಮೂರಿಂದ ಬರೋವಾಗ..."

ಅವ್ವನ ಕೈ ನಿಂತಿತು. "ಯಾರು? ನಿಮ್ಮಪ್ಪ ನಕ್ಕಿತ್ತಾ? ಯಾವೂರಾಗೆ?"

"ಕಾರಲ್ಲಿ."

"ನಮ್ ಮದುವ್ಯಾಗೆ ಫೋಟೋದೋನು ನಗ್ರಿ ನಗ್ರಿ ಅಂತ ಬಡ್ಕಂಡ. ಆವಯ್ಯ ಅವನನ್ನೇ ಗುರಾಯಿಸ್ತು. ಅವನು ಹೆದರಿ ಅರ್ಧ ತಲೆ ಬಿಟ್ಟು ಫೋಟೋ ಹೊಡದ." ಎರಡು ಕಾಯಿ ಬಿಡಿಸಿ, ಒಂದನ್ನು ಬಾಯಿಗೆ ಹಾಕಿಕೊಂಡು, "ಆವತ್ತು ಕಾರಿನ ಹಿಂದಿನ ಸೀಟಿನಾಗೆ ಬೋರಣ್ಣ ಇದ್ದ. ಕೊಂಡ್ಲಹಳ್ಳಿಯೋನು, ಮಿಲ್ಲಿನಾಗೆ ಡಬ್ಬ ತುಂಬ್ತಿದ್ದ. ಬದುಕ್ಯಾನೆ ಇನ್ನೂ. ಹೋಗಿ ಕೇಳು, ನಿನಗೆ ಸಮಾಧಾನ ಆಗ್ಬೇಕಂದ್ರೆ."

ಹೋಗಬಾರದಿತ್ತೇನೋ. ಕೇಳದೆ ಇದ್ದಿದ್ದರೆ ಎಲ್ಲವೂ ಕ್ಷೇಮವಾಗಿರುತ್ತಿತ್ತು. ಆದರೆ ಶುಕ್ರವಾರ ರಿಯಾಜ್ ಕೊರೆಯುವ ಕಬ್ಬಿಣದ ಮೇಲೆ ನಾನು ಅಪ್ಪನ ಹೆಸರು ಹಾಕಿದ್ದೆ. ಗುರುವಾರ ರಜೆ ಹಾಕಿ ಬಸ್ಸು ಹತ್ತಿದೆ.

ಎಷ್ಟೋ ವರ್ಷಗಳ ಮೇಲೆ ಆ ದಾರಿಯಲ್ಲಿ ಬಸ್ಸಿನಲ್ಲಿ ಕೂತಿದ್ದೆ. ಕಾರಿನಲ್ಲಿ ನನಗೆ ತಳಕು, ಹಿರೇಹಳ್ಳಿ ಎಂಬುವು ಬೋರ್ಡುಗಳು. ಬಸ್ಸಿನಿಂದ ಅವು ಊರುಗಳಾಗಿದ್ದವು: ಯಾರೋ ಹತ್ತಿ ಯಾರನ್ನೋ ಬೈದು ಇಳಿಯುತ್ತಿದ್ದರು, ಕಂಬಳಿಯೊಳಗಿನಿಂದ ಕುರಿಮರಿಯೊಂದು ತಲೆ ಹಾಕಿ ನನ್ನ ಬ್ಯಾಗಿನ ಪಟ್ಟಿ ಚೀಪುತ್ತಿತ್ತು. ಬಿಸಿಲಿಗೆ ರಸ್ತೆ ಎದ್ದು ಎದ್ದು ಕೂರುತ್ತಿತ್ತು. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿದ್ದೆಯಲ್ಲಿ ಕೈ ಬೀಸುವವರ ಹಾಗೆ ತಿರುಗುತ್ತಿದ್ದವು. ಕಣ್ಣು ಕೂಡಿ ಬಂದಾಗ ಬಸ್ಸಿನ ಬಡಿತ ಮಿಲ್ಲಿನ ಗೋಡೆಯ ಬಡಿತವಾಗುತ್ತಿತ್ತು. ತೆರೆದರೆ ಮತ್ತೆ ಬಸ್ಸು. ಇಂಥ ತೂಕಡಿಕೆಯಲ್ಲಿಯೇ ನನಗೊಂದು ಅನುಮಾನ ಬಂತು. ನೆನಪಿನಲ್ಲಿ ಹರಿಯುವ ಆ ಹಳದಿ ಹುಲ್ಲು ಈ ರಸ್ತೆಯದಲ್ಲ. ಈ ರಸ್ತೆಯ ಎರಡೂ ಬದಿಗೆ ಹೊಲಗಳಿವೆ. ಸೊಂಟದೆತ್ತರದ ಅಂಥ ಹುಲ್ಲು ಇರುವುದು ದೊಡ್ಡಉಳ್ಳಾರ್ತಿಯ ಕಡೆ, ವರವು ಕಾವಲಿನಲ್ಲಿ. ಅಲ್ಲಿಗೆ ನಾನು ಮೊದಲು ಹೋದದ್ದು ಬೆಳೆದ ಮೇಲೆ. ಯಾವಾಗಲೋ ನಾನೇ ಅಲ್ಲಿಂದ ಹುಲ್ಲನ್ನು ಕಿತ್ತು ತಂದು ಅಪ್ಪನ ಕಿಟಕಿಯ ಆಚೆ ನೆಟ್ಟಿದ್ದೇನೆ.

ಬೋರಣ್ಣ ಕೊಂಡ್ಲಹಳ್ಳಿಯ ಹೋಟೆಲಿನ ಕಟ್ಟೆಯ ಮೇಲಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು, "ಎವರು ತಲ್ಲೀ?" ಎಂದು ತೆಲುಗಿನಲ್ಲಿ ಕೇಳಿದ. ಯಾರ ಮಗಳೆಂದು ಹೇಳಿದೆ.

"ಎಂಜಿನ್ ತಿಪ್ಪಯ್ಯನ ಮಗಳಾ! ಹೌದ್ ಬಿಡು, ಮಖ ಹಂಗೇ ಐತೆ. ನಗಂಗೇ ಇಲ್ಲ."

ನಕ್ಕೆ. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಟೀ ಹೇಳಿ, ಕಾರಿನ ವಿಷಯ ಎತ್ತಿದೆ.

"ಸೀರೆ ತರಾಕೆ ಹೋಗಿದ್ದಲ್ವಾ? ಕಾರ್ ಡ್ರೈವರ್‌ಗೆ ಜ್ವರ ಬಂದು ನಿಮ್ಮಪ್ಪನ್ನ ಕಳಿಸಿದ್ರು. ಸಾವ್ಕಾರ್ರ ನೆಂಟ್ರ ಮನಿಗೆ ಎರಡು ಡಬ್ಬ ಎಣ್ಣೆ ಇಳಿಸಬೇಕಿತ್ತು, ಅದಕ್ಕೆ ನಾನು. ಹೋದ್ರೆ ಮನೆಗೆ ಬೀಗ. ಡಬ್ಬ ಡಿಕ್ಕಿಯಾಗೇ ಉಳಿದ್ವು. ವಾಪಸ್ ಬರ್ತಾ ಇಲ್ಲೇ ನಮ್ಮ ಹಾನಗಲ್ ಹತ್ರ ಡೀಸೆಲ್ ಮುಗೀತಾ ಬಂತು. ಬಂಕಿನಾಗೆ ಸ್ಟಾಕ್ ಇಲ್ಲ ಅಂದ್ರು. ನಿಮ್ಮಪ್ಪ ಏನಂದ ಗೊತ್ತಾ? 'ಲೇ ಬೋರ, ಡಿಕ್ಕಿ ತುಂಬ ಎಣ್ಣೆ ಮಡಿಕ್ಕಂಡು ಎಣ್ಣೆ ಇಲ್ಲ ಅಂತ ಅಳ್ತೀಯಲ್ಲೋ, ಹಾಕು' ಅಂದ."

"ಶೇಂಗಾ ಎಣ್ಣೇನಾ?"

"ಮತ್ತಿನ್ನೇನು! ಮಿಲ್ಲಿನ ಎಂಜಿನ್ನಿಗೆ ಎಷ್ಟ್ ಸಲ ಕುಡಿಸಿಲ್ಲ ನಾವು. ಡಬ್ಬ ಕಾರಿನ ತಲೆ ಮ್ಯಾಲಿಟ್ಟು, ಪೈಪ್ ಹಾಕಿ ಟ್ಯಾಂಕಿಗೆ ಬಿಟ್ವಿ. ಹೊಂಟ್ತು ನೋಡು, ಹಿಂದೆಲ್ಲ ಬಜ್ಜಿ ಅಂಗಡಿ ವಾಸ್ನೆ. ಎರಡು ನಾಯಿ ಬೆನ್ನತ್ತಿದ್ವು."

ನನ್ನ ಎದೆ ಹಗುರಾಯಿತು. ಬಜ್ಜಿಯ ವಾಸನೆಯನ್ನು ಇಷ್ಟು ವರ್ಷ ಯಾರೂ ನಂಬಿರಲಿಲ್ಲ. ನಾನೇ ಅದನ್ನು ಕತೆಯಿಂದ ಬಿಟ್ಟುಬಿಟ್ಟಿದ್ದೆ. ಅದು ನಿಜವಾದರೆ ಮಿಕ್ಕದ್ದೂ ನಿಜವಿರಬೇಕು. ಆದರೆ ಬೋರಣ್ಣ ಮುಗಿಸಿರಲಿಲ್ಲ.

"ಹಸಿ ಎಣ್ಣೆ, ಸೋಸಿದ್ದಲ್ಲ. ಅಡೀಗೆ ಮಡ್ಡಿ ಇತ್ತು. ಮಿಲ್ಲಿನ ಎಂಜಿನ್ನು ಎಮ್ಮೆ ಇದ್ದಂಗೆ, ಹಾಕಿದ್ದೆಲ್ಲ ತಿಂತಿತ್ತು. ಕಾರಿಂದು ಸಾವ್ಕಾರ್ರ ಹೊಟ್ಟೆ. ಬಿ.ಜಿ.ಕೆರೆ ದಾಟೋದ್ರಾಗೆ ಕೆಮ್ಮಾಕೆ ಹತ್ತಿತು. ಆಮ್ಯಾಲೆ ನಾನು ಇಳಿದು ಪಕ್ಕದಾಗೆ ನಡಕಂಡು ಬಂದೆ. ಬೀಡಿ ಸೇದ್ಕಂತ ನಡೀತಿದ್ದೆ, ಕಾರು ನನ್ನ ಜೊತಿಗೇ ಬರ್ತಿತ್ತು."

"ಮುಳ್ಳು ನೂರರ ಮೇಲಿತ್ತು ಬೋರಣ್ಣ. ನಾನೇ ನೋಡಿದ್ದೆ."

"ಆ ಮುಳ್ಳಾ? ಶೆಡ್ಡಿನಾಗೆ ನಿಂತಾಗ್ಲೂ ನೂರೇ. ಕೇಬಲ್ ಹರಿದು ಯಾವ ಕಾಲ ಆಗಿತ್ತೋ."

ಟೀ ತಣ್ಣಗಾಗಿತ್ತು. ಕೇಳಬೇಕಾದದ್ದು ಒಂದೇ ಉಳಿದಿತ್ತು. ಅದನ್ನು ಕೇಳದೆ ಎದ್ದು ಬರುವುದು ಸಾಧ್ಯವಿತ್ತು. ಬಸ್ಸೂ ದೂರದಲ್ಲಿ ಕಾಣುತ್ತಿತ್ತು. ಬಸ್ಸನ್ನು ಹೋಗಲು ಬಿಟ್ಟೆ.

"ಅಪ್ಪ ನಗ್ತಿದ್ದನಾ, ಅವತ್ತು?"

ಬೋರಣ್ಣ ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದ. "ನಗು... ಮಡ್ಡಿ ಸಿಕ್ಕಿ ಡೀಸೆಲ್ ಪೈಪು ಕಟ್ಕಂಡಿತ್ತಲ್ಲ, ಬಾಯಿ ಹಚ್ಚಿ ಎಳೆದ. ಡೀಸೆಲ್ಲು, ಶೇಂಗಾ ಎಣ್ಣೆ, ಮಡ್ಡಿ, ಎಲ್ಲಾ ಬಾಯಾಗೆ. ಆ ಹೊಲಸು ರುಚಿಗೆ ತುಟಿ ಮುಚ್ಚಾಕಾಗ್ದೆ ಹಲ್ಲು ಬಿಟ್ಕಂಡೇ ಊರಿಗಂಟ ಓಡಿಸ್ದ. ಅದನ್ನೇ ನೀನು ನಗು ಅಂತೀಯೇನೋ."

ಹಲ್ಲು. ಎಣ್ಣೆಯಿಂದ ಮಿಂಚುವ ತುಟಿ. ಹೌದು, ತುಟಿ ಮಿಂಚುತ್ತಿದ್ದವು. ನಾನು ಅದನ್ನು ಸಂತೋಷ ಎಂದುಕೊಂಡಿದ್ದೆ.

ಇಲ್ಲಿಗೇ ಮುಗಿದಿದ್ದರೆ ಒಂದು ರೀತಿಯ ನೆಮ್ಮದಿ ಇರುತ್ತಿತ್ತು. ಆದರೆ ಬೋರಣ್ಣನೂ ಮನುಷ್ಯನೇ. ಮಾತು ಮುಂದುವರಿಸುತ್ತ ಅವನು ಆ ಕಾರನ್ನು "ಆ ಬಿಳೀ ಕಾರು" ಎಂದ. ಮದುವೆ ಸಾಹುಕಾರರ ಎರಡನೇ ಮಗಳದು ಎಂದ; ಅವರಿಗಿದ್ದವಳು ಒಬ್ಬಳೇ. ಕೊನೆಗೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅದ್ಸರಿ, ನೀನೆಲ್ಲಿದ್ದೆ ಅವತ್ತು? ಗಂಟಿನ ಮ್ಯಾಲೆ ಕೂತಿದ್ದು ಸಾವ್ಕಾರ್ರ ಮೊಮ್ಮಗ ಅಲ್ವಾ?" ಎಂದ.

"ನಾನೇ ಬೋರಣ್ಣ."

"ಇದ್ರೂ ಇರಬೌದು ಬಿಡು. ಕೂಸುಗಳ ಮಖ ಯಾರು ನೋಡ್ತಾರೆ."

ಮುಂದಿನ ಬಸ್ಸು ಬರುವವರೆಗೆ ಆ ಕಟ್ಟೆಯ ಮೇಲೆ ಕೂತಿದ್ದೆ. ಬೋರಣ್ಣ ಹೇಳಿದ್ದನ್ನು ನಂಬಿದರೆ ವೇಗವಿಲ್ಲ, ನಗುವಿಲ್ಲ, ಬಹುಶಃ ನಾನೂ ಇಲ್ಲ. ನಂಬದಿದ್ದರೆ ಬಜ್ಜಿಯ ವಾಸನೆಗೂ ಸಾಕ್ಷಿಯಿಲ್ಲ. ಆ ವಾಸನೆಯಾದರೂ ನಾನು ಕಾರಿನಲ್ಲೇ ಮೂಸಿದ್ದೋ, ಅಪ್ಪ ಮನೆಗೆ ಬಂದು ಅಂಗಿ ಬಿಚ್ಚಿದಾಗ ಮೂಸಿದ್ದೋ? ಸಮೀಕರಣ ಒಂದು, ಗೊತ್ತಿಲ್ಲದವು ನಾಲ್ಕು. ನನ್ನ ವಿದ್ಯಾರ್ಥಿಗಳಿಗಾದರೆ ಇದನ್ನು ಬಿಡಿಸಲು ಬರುವುದಿಲ್ಲ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿ ಎನ್ನುತ್ತೇನೆ.

ಮುಂದಿನ ಪ್ರಶ್ನೆ ಎಂಜಿನ್ನಿನದು. ಕಾರಣ ಹೋದ ಮೇಲೆ ಮೊದಲನೆಯ ದಾರಿಯೇ ಸರಿ, ಇದ್ದದ್ದನ್ನು ಇದ್ದ ಹಾಗೆ ಜೋಡಿಸಿದರೆ ಸಾಕು. ಬಸ್ಸಿನಲ್ಲಿ ಕೂತು ಹಾಗೆಂದು ನಿರ್ಧರಿಸಿದೆ. ತಳಕು ಬರುವ ಹೊತ್ತಿಗೆ ಮುಂದಿನ ಸೀಟಿನ ಕಂಬಿಯನ್ನು ಹಿಡಿದಿದ್ದ ನನ್ನ ಬಲಗಾಲು ನೆಲವನ್ನು ಒತ್ತುತ್ತಿರುವುದು ಗಮನಕ್ಕೆ ಬಂತು. ಹಿಡಿದದ್ದು ಕೈ, ಒತ್ತುತ್ತಿದ್ದದ್ದು ಕಾಲು. ವಾಕ್ಯ ತಪ್ಪಿದೆ, ತಿದ್ದುವುದಿಲ್ಲ, ಅವತ್ತು ನನ್ನ ಮೈಯ ವ್ಯವಹಾರ ಹಾಗೆಯೇ ಇತ್ತು. ಮುಂದೆ ಖಾಲಿ ರಸ್ತೆ, ಬಸ್ಸು ಸಾವಕಾಶವಾಗಿ ಹೋಗುತ್ತಿತ್ತು, ನನ್ನ ಕಾಲು ಒತ್ತುತ್ತಲೇ ಇತ್ತು. ಅಪ್ಪ ಎಲ್ಲೂ ಇರಲಿಲ್ಲ. ಕಪ್ಪು ಕಾರೂ ಇರಲಿಲ್ಲ. ಆಸೆ ಮಾತ್ರ ಹಾಗೇ ಇತ್ತು.

ಆಗ ಸ್ವಲ್ಪ ನಾಚಿಕೆಯಾಯಿತು. ಪರೀಕ್ಷೆ ತಪ್ಪಿಸಿಕೊಂಡ ಹುಡುಗರು ಮನೆಯವರ ಸಹಿ ಇರುವ ಚೀಟಿ ತರುತ್ತಾರಲ್ಲ, ಹಾಗೆ ನಾನೂ ಜೋರಾಗಿ ಹೋಗಬೇಕೆಂಬ ಆಸೆಗೆ ತೀರಿಹೋದ ಅಪ್ಪನ ಸಹಿ ಹಾಕಿಸಿಕೊಂಡು ಎಲ್ಲರಿಗೂ ತೋರಿಸುತ್ತ ತಿರುಗಿದ್ದೆ. ಸಹಿಯ ಜಾಗದಲ್ಲಿ ಆತನ ನಗುವನ್ನು ಇಟ್ಟಿದ್ದೆ. ಆ ನಗು ಇತ್ತೋ ಇಲ್ಲವೋ, ಅದನ್ನು ಇಷ್ಟು ವರ್ಷ ಕೆಲಸಕ್ಕೆ ಹಚ್ಚಿದ್ದು ಮಾತ್ರ ನಾನೇ.

ಶುಕ್ರವಾರ ಮಧ್ಯಾಹ್ನ ರಿಯಾಜ್ ಅತ್ತರಿನ ಪರಿಮಳದೊಂದಿಗೆ ಗ್ಯಾರೇಜಿಗೆ ಬಂದ. ಬಿಚ್ಚಿಟ್ಟ ಬ್ಲಾಕು ಬೆಂಚಿನ ಮೇಲೆ ನಾಲ್ಕು ಬಾಯಿ ತೆರೆದು ಕೂತಿತ್ತು.

"ಏನ್ ತೀರ್ಮಾನ ಮಾಡಿದ್ರಿ ಮೇಡಂ?"

"ಎರಡನೇದೇ. ಕೊರೀರಿ."

"ತಂದೆಯೋರ ಹೆಸರಾಗೆ?"

"ಇಲ್ಲ. ನನಗೇ ಬೇಕು."

"ಇದನ್ನ ಮೊದ್ಲೇ ಹೇಳಿದ್ರೆ ಆಗ್ತಿರ್ಲಿಲ್ವೇನ್ರೀ?" ಎಂದು ರಿಯಾಜ್ ಅಂಗಿಯ ತೋಳು ಮಡಚಿದ.

ಕಾರು ಮನೆಗೆ ಬಂದು ಎಂಟು ದಿನವಾಗಿದೆ. ಕೀ ಕೊಡುವಾಗ ರಿಯಾಜ್ ಒಂದು ಮಾತು ಹೇಳಿದ. ಹೊಸ ಪಿಸ್ಟನ್ನುಗಳು ಹೊಸ ಗೋಡೆಗಳಿಗೆ ಹೊಂದಿಕೊಳ್ಳಬೇಕು; ಮೊದಲ ಸಾವಿರ ಕಿಲೋಮೀಟರಿನವರೆಗೆ ಕಾಲು ಒತ್ತುವಂತಿಲ್ಲ. "ಹೊಸಾ ಸೊಸೆ ಕರಕಂಡ್ ಬಂದಂಗೆ ಬರ್ರಿ." ಹಾಗಾಗಿ ಎಂದಿಗಿಂತ ಹೆಚ್ಚು ಬಲವಿರುವ ಕಾರಿನಲ್ಲಿ ಎಂದಿಗಿಂತ ನಿಧಾನವಾಗಿ ಮೊಳಕಾಲ್ಮೂರಿಗೆ ಹೋಗಿ ಬರುತ್ತಿದ್ದೇನೆ. ಶೇಂಗಾ ಚೀಲ ಹೇರಿದ ಟ್ರ್ಯಾಕ್ಟರಿನ ಹಿಂದೆ ತಾಳ್ಮೆಯಿಂದ ಸಾಗುತ್ತೇನೆ. ಕಾಲೇಜಿನ ಹುಡುಗರು ಬೈಕಿನಲ್ಲಿ ನನ್ನನ್ನು ದಾಟಿ, ಹಿಂತಿರುಗಿ, "ನಮಸ್ಕಾರ ಮೇಡಂ" ಎನ್ನುತ್ತಾರೆ. ಒಂದು ದಿನ ಅವ್ವ ಪಕ್ಕದಲ್ಲಿದ್ದಳು. "ಇದಕ್ಕೇನೇ ಅಷ್ಟೆಲ್ಲಾ ಬಿಚ್ಚಿಸಿದ್ದು?" ಎಂದಳು. ಎಂಜಿನ್ನಿನ ಸದ್ದು ಮೊದಲಿಗಿಂತ ಕೆಳಗಿನ ಶ್ರುತಿಯಲ್ಲಿದೆ. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸುವಾಗ ಏನೋ ಹೇಳುತ್ತಾರಲ್ಲ, ಹಾಗೆ. ಕೇಳುತ್ತ ಹೋಗುತ್ತೇನೆ.

ಸಾವಿರವಾಗಲು ಇನ್ನೂ ಸ್ವಲ್ಪ ಬಾಕಿಯಿದೆ. ಈ ಎಂಜಿನ್ನು ನಿಜಕ್ಕೂ ಎಷ್ಟು ಜೋರಾಗಿ ಓಡುತ್ತದೆಂದು ನನಗೆ ಗೊತ್ತಿಲ್ಲ. ಆ ಜೋರಿನಲ್ಲಿ ನನಗೆ ಏನು ಬೇಕಾಗಿದೆಯೋ ಅದೂ ತಿಳಿದಿಲ್ಲ. ಅಪ್ಪ ಅವತ್ತು ನಕ್ಕನೋ, ಬಾಯಿಯ ಹೊಲಸಿಗೆ ಹಲ್ಲು ಬಿಟ್ಟಿದ್ದನೋ, ಅದನ್ನು ನೋಡಲು ನಾನು ಅಲ್ಲಿದ್ದೆನೋ, ಇವು ಯಾವುವೂ ನನಗೆ ಗೊತ್ತಿಲ್ಲ. ಅವ್ವನನ್ನು ಕೇಳಿದ್ದಕ್ಕೆ, "ಹೋಗಿದ್ಯೋ ಏನೋ, ಯಾರಿಗೆ ನೆಪ್ಪೈತೆ" ಎಂದಳು. ಕೇಳಲು ಇನ್ನು ಯಾರೂ ಉಳಿದಿಲ್ಲ.